ಅರವತ್ತು ಮೇಲ್ಪಟ್ಟವರ ಫೋಲ್ಡರು

ನನ್ನ ಕಂಪ್ಯೂಟರಿನ ಪರದೆಯ ಮೇಲೆ ಈಗ ಆರು ಹಳದಿ ಫೋಲ್ಡರುಗಳು ಸಾಲಾಗಿ ಕೂತಿವೆ. ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳ ಹಾಗೆ ಬಲು ಸಭ್ಯವಾಗಿವೆ. ಆದರೂ ಅವುಗಳಲ್ಲಿ ಐದನೆಯದರ ಮೇಲೆ ಕಣ್ಣು ಬಿದ್ದಾಗಲೆಲ್ಲ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಅದರೊಳಗೆ ಇರುವುದು ಎರಡೇ ಎರಡು ಕಡತ. ಒಂದೊಂದು ಒಂದೇ ಪುಟದ್ದು. ಆ ಎರಡು ಪುಟ ಕೊಟ್ಟಷ್ಟು ದಿಗಿಲನ್ನು ಮೂವತ್ತೈದು ವರ್ಷದ ಮೇಷ್ಟ್ರಗಿರಿಯಲ್ಲಿ ಯಾವ ಇನ್ಸ್‌ಪೆಕ್ಟರೂ ನನಗೆ ಕೊಟ್ಟಿರಲಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಹೆಸರು ಪುಟ್ಟಸ್ವಾಮಿ, ಮನೆ ಹಾಸನದಲ್ಲಿ. ನಿವೃತ್ತಿಯಾದ ಮಾರನೆಯ ದಿನ ಬೆಳಗ್ಗೆ ಎಂಟೂವರೆಗೆ ಷರಟು ಹಾಕಿಕೊಂಡು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆನಂತೆ. ಹೆಂಡತಿ ಸರೋಜ, "ಎಲ್ಲಿಗ್ರೀ?" ಅಂದಾಗಲೇ ಎಲ್ಲಿಗೂ ಇಲ್ಲ ಎಂಬುದು ಹೊಳೆದದ್ದು. ಸುಮ್ಮನೆ ಕೂರುವ ಜಾತಿಯಲ್ಲ ನಾನು. ಹಳೆಯ ಶಿಷ್ಯರು ಎಲ್ಲ ತಾಲ್ಲೂಕಿನಲ್ಲೂ ಇದ್ದರು. ಅವರ ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದರು. "ಸಾ, ನಮ್ಮುಡ್ಗನಿಗೆ ಒಂದ್ ಎಣ್ಣಿದ್ರೆ ಏಳಿ" ಎಂದು ಒಬ್ಬ ಕೇಳಿದ. ಹೇಳಿದೆ. ಕೂಡಿಬಂತು. ಅಲ್ಲಿಗೆ ನಾನು ಗಂಡು-ಹೆಣ್ಣು ಜೋಡಿಸುವವನಾಗಿಬಿಟ್ಟೆ. ಪುಕ್ಕಟೆ ಸೇವೆ, ಮದುವೆಯ ಊಟವೊಂದೇ ಸಂಭಾವನೆ. ಅದರ ಫಲ ಷರಟಿನ ಗುಂಡಿಗಳ ನಡುವೆ ಎದ್ದು ಕಾಣುತ್ತದೆ.

ನಮ್ಮ ಸೊಸೆ ರೂಪ ಚನ್ನರಾಯಪಟ್ಟಣದ ಹುಡುಗಿ. ಮಗ ಕೆಲಸದ ಮೇಲೆ ಪರ ಊರಲ್ಲಿದ್ದಾನೆ; ಅವಳು ಇಲ್ಲೇ ಹಾಸನದ ಡಿಪ್ಲೊಮಾ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳೇ ನನಗೆ ಒಂದು ಪುಟದ ಅರ್ಜಿ ನಮೂನೆ ಮಾಡಿಕೊಟ್ಟಳು. ಹೆಸರು, ಫೋಟೋ, ಹುಟ್ಟಿದ ವರ್ಷ, ಊರು, ವಿಳಾಸ, ಓದು, ಕೆಲಸ, ಜಾತಿ, ಪೋಷಕರು, ಅವರ ಫೋನ್ ನಂಬರು, ಕೊನೆಗೆ 'ನಿರೀಕ್ಷೆ'. ಅಡಿಯಲ್ಲಿ ನನ್ನ ಇಮೇಲ್ ವಿಳಾಸ. ಆ ನಮೂನೆಯನ್ನು ನೆಂಟರಿಷ್ಟರಿಗೆಲ್ಲ ಫೋನಿನಲ್ಲಿ ಕಳಿಸಿದೆ. ಅವರು ಇನ್ನೊಬ್ಬರಿಗೆ ಕಳಿಸಿದರು. ಅರ್ಜಿಗಳು ಬಂದವು ನೋಡಿ, ಹುಣಸೆ ಮರ ಅಲುಗಿಸಿದ ಹಾಗೆ! ಪ್ರತಿ ಭಾನುವಾರ ಬೆಳಗ್ಗೆ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೆ. ಎಲ್ಲವೂ ಒಂದೇ ಫೋಲ್ಡರಿಗೆ. ಅವುಗಳ ಹೆಸರೋ, 'ಡಾಕ್ಯುಮೆಂಟ್ ಒಂದು', 'ಹುಡುಗಿ', 'ಹುಡುಗಿ ಫೈನಲ್', 'ಹುಡುಗಿ ಫೈನಲ್ ಇದೇ ನೋಡಿ ಸಾರ್'.

ಅಷ್ಟನ್ನೂ ಓದುತ್ತಿದ್ದೆನೇ ಎಂದು ನೀವು ಕೇಳಬಾರದು. ಕೇಳಿದರೆ ನಾನು ನೆಲ ನೋಡಬೇಕಾಗುತ್ತದೆ. ಯಾರ ತಾಯಿ-ತಂದೆ ಫೋನು ಮಾಡಿ ಪೀಡಿಸುತ್ತಾರೋ ಅವರದನ್ನು ಹುಡುಕಿ ತೆಗೆದು ಓದುತ್ತಿದ್ದೆ. ಫೋನು ಮಾಡದವರ ಅರ್ಜಿ ತಳಕ್ಕಿಳಿಯುತ್ತಿತ್ತು. ನನ್ನ ಸ್ವಭಾವವೇ ಹಾಗೆ. ಶಾಲೆಯಲ್ಲಿ ನನ್ನ ಬೀರು ತೆರೆಯುವ ಮುನ್ನ ಜವಾನ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಏನು ಉರುಳಿ ಬೀಳುತ್ತದೋ ಹೇಳುವಂತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಒಮ್ಮೆ ಮುಂದಿನ ವರ್ಷದ ಅರ್ಧವಾರ್ಷಿಕದ ಹೊತ್ತಿಗೆ ಸಿಕ್ಕಿದ್ದವು.

ನಮ್ಮ ಮನೆಯಲ್ಲಿ ವಿಂಗಡಿಸುವ ಬುದ್ಧಿಯೆಲ್ಲ ನಮ್ಮಕ್ಕನ ಪಾಲಿಗೆ ಹೋಗಿತ್ತು. ಜಯಮ್ಮ ಅಂತ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅರಕಲಗೂಡಿನ ಹತ್ತಿರ ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ಗೆಡ್ಡೆ ಕಿತ್ತ ದಿನ ಅಂಗಳದ ತುಂಬ ರಾಶಿ. ಜಯಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಆರಿಸುವಳು. ದಪ್ಪದ್ದು ಬಲಕ್ಕೆ, ನಡುವಿನದು ಎಡಕ್ಕೆ, ಬಿತ್ತನೆಯದು ಮೊರಕ್ಕೆ, ಗೋಲಿಯಂಥವು ಮನೆಯ ಸಾರಿಗೆ. ಕಣ್ಣೂ ಹಾಯಿಸುತ್ತಿರಲಿಲ್ಲ, ಬೆರಳಿಗೇ ತಿಳಿಯುತ್ತಿತ್ತು. ನಾನು ಸಹಾಯಕ್ಕೆ ಕೂತರೆ ಹತ್ತೇ ನಿಮಿಷದಲ್ಲಿ ಎಲ್ಲ ಬೆರಕೆ. "ಎದ್ದೋಗ್ಲಾ ಅತ್ಲಾಗೆ, ನೀ ಓದ್ಕೋ ಓಗು" ಎಂದು ಅಟ್ಟುವಳು. ನಾನು ಓದಿ ಮೇಷ್ಟ್ರಾದದ್ದರ ಹಿಂದಿನ ಕಾರಣ ಇಷ್ಟೇ ಎಂದು ತಮಾಷೆ ಮಾಡುತ್ತಿರುತ್ತೇನೆ.

ನಿಜವಾದ ಕಾರಣ ತಮಾಷೆಯದಲ್ಲ. ಇಪ್ಪತ್ತಕ್ಕೆ ಮದುವೆಯಾಗಿ, ಇಪ್ಪತ್ಮೂರಕ್ಕೆ ಗಂಡನನ್ನು ಜ್ವರಕ್ಕೆ ಕಳೆದುಕೊಂಡು, ಮಕ್ಕಳಿಲ್ಲದೆ ಜಯಕ್ಕ ತೌರಿಗೆ ಬಂದಳು. ಅಂಗನವಾಡಿಯಲ್ಲಿ ಕೆಲಸ ಹಿಡಿದಳು. ನನ್ನನ್ನು ಬಿ.ಎಡ್. ಓದಿಸಿದವಳು ಅವಳೇ. ಅಪ್ಪ-ಅಮ್ಮ ತೀರಿಕೊಂಡ ಮೇಲೆ ಅರಕಲಗೂಡಿನಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡು ಒಬ್ಬಳೇ ಇದ್ದಳು. ಇನ್ನೊಂದು ಮದುವೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬೇಡವೆಂದು ತೀರ್ಮಾನಿಸಿ ಬಿಟ್ಟದ್ದಲ್ಲ. ಅಂಥದ್ದೊಂದು ಮಾತಿದೆ ಎಂಬುದೇ ನಮ್ಮ ತಲೆಗೆ ಬಂದಿರಲಿಲ್ಲ.

ಹಬ್ಬಹುಣ್ಣಿಮೆಗೆಲ್ಲ ಹಾಸನಕ್ಕೆ ಬರುತ್ತಿದ್ದ ಜಯಕ್ಕ ಈಚೆಗೆ ಎರಡು ವರ್ಷದಿಂದ ಬರುವುದನ್ನು ನಿಲ್ಲಿಸಿದ್ದಳು. ಗೌರಿ ಹಬ್ಬಕ್ಕೂ ಇಲ್ಲ, ಯುಗಾದಿಗೂ ಇಲ್ಲ. ಫೋನು ಮಾಡಿದರೆ, "ಮಂಡಿನೋವು ಕಣಪ್ಪ, ಬಸ್ ಅತ್ತಕ್ಕಾಗಲ್ಲ" ಅನ್ನುವಳು. ಮಂಡಿಗೆ ಹಚ್ಚುವ ಎಣ್ಣೆಯೊಂದನ್ನು ಕಳಿಸಿ ನಾನು ಕರ್ತವ್ಯ ಮುಗಿಸಿದ್ದೆ.

ಈ ಸಲದ ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಫೋನಿಲ್ಲ, ನನ್ನಂಥವನಿಗೆ ಬೇಸಿಗೆ ರಜೆ ಇದ್ದ ಹಾಗೆ. ಫೋಲ್ಡರಿನಲ್ಲಿ ಸಾವಿರದ ಒಂಬೈನೂರು ಚಿಲ್ಲರೆ ಅರ್ಜಿಗಳಿದ್ದವು. ಒಂದು ಮಂಗಳವಾರ ಸಂಜೆ ರೂಪ ನನ್ನ ಬೆನ್ನ ಹಿಂದೆ ನಿಂತು ನೋಡಿ, "ಮಾವ, ಇದೇನಿದು, ತಿಪ್ಪೆ?" ಅಂದಳು. "ಒಂದೊಂದಾಗಿ ನೀವು ವಿಂಗಡಿಸೋಕೆ ಹೋದ್ರೆ ಈ ಹುಡುಗರೆಲ್ಲ ಮುದುಕರಾಗ್ತಾರೆ. ಒಂದು ಸ್ಕ್ರಿಪ್ಟ್ ಬರೀತೀನಿ ಇರಿ."

ಸ್ಕ್ರಿಪ್ಟ್ ಅಂದರೆ ನನಗೆ ಗೊತ್ತಿದ್ದದ್ದು ನಾಟಕದ್ದು. ರೂಪ ಬಿಡಿಸಿ ಹೇಳಿದಳು. ಕಂಪ್ಯೂಟರಿಗೆ ಸಾಲುಸಾಲಾಗಿ ಅಪ್ಪಣೆ ಬರೆದಿಡುವುದು. ಪ್ರತಿಯೊಂದು ಅರ್ಜಿಯನ್ನೂ ತೆರೆ, ನಾವು ಹೇಳಿದ ಕಾಲಂ ಓದು, ಅದಕ್ಕೆ ತಕ್ಕ ಫೋಲ್ಡರು ಇಲ್ಲದಿದ್ದರೆ ಹೊಸದಾಗಿ ಮಾಡು, ಅರ್ಜಿಯನ್ನು ಅದರೊಳಗಿಡು, ಮುಂದಿನದಕ್ಕೆ ಹೋಗು. ಬೇಸರವಿಲ್ಲ, ಮರೆವಿಲ್ಲ.

"ಯಾವ ಕಾಲಂ ಪ್ರಕಾರ ಮಾಡ್ಲಿ ಮಾವ?"

ನಾನು ಯೋಚಿಸಲೇ ಇಲ್ಲ. "ಜಾತಿ ಪ್ರಕಾರ ಮಾಡಮ್ಮ. ಎಲ್ಲರೂ ಮೊದಲು ಕೇಳೋದು ಅದನ್ನೇ" ಅಂದೆ.

ಅವಳು ಒಮ್ಮೆ ನನ್ನ ಮುಖ ನೋಡಿ ಕೀಲಿಮಣೆಯ ಕಡೆ ತಿರುಗಿದಳು. ಅರ್ಜಿಗಳನ್ನೆಲ್ಲ ಮೊದಲು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಟ್ಟಳು, ಹುಷಾರಿನ ಹುಡುಗಿ. ಸ್ಥಳಾಂತರ ಮಾಡುವ ಮುನ್ನ ಯಾವ ಯಾವ ಫೋಲ್ಡರು ಹುಟ್ಟುತ್ತವೆ ಎಂಬ ಪಟ್ಟಿಯನ್ನಷ್ಟೇ ತೋರಿಸಿದಳು. ನೂರಾ ಹನ್ನೆರಡು! ಒಂದೇ ಜಾತಿಯನ್ನು ನಮ್ಮ ಜನ ಒಂಬತ್ತು ಥರ ಬರೆದಿದ್ದರು. ಒತ್ತಕ್ಷರ ಬಿಟ್ಟವರು, ಒಳಪಂಗಡ ಸೇರಿಸಿದವರು, 'ನಿಮಗೆ ಗೊತ್ತೇ ಇದೆ ಮೇಷ್ಟ್ರೇ' ಎಂದು ಬರೆದವರು. ಕನ್ನಡ ಮೇಷ್ಟ್ರಾಗಿ ನನ್ನ ತಲೆ ಎರಡು ಕಾರಣಕ್ಕೆ ತಗ್ಗಿತು.

"ವಯಸ್ಸಿನ ಪ್ರಕಾರ ಮಾಡೋಣ. ಅಂಕಿ ತಾನೆ, ಕಾಗುಣಿತ ಇರಲ್ಲ" ಅಂದಳು ರೂಪ. ಏನೋ ಒಂದೆರಡು ಸಾಲು ತಿದ್ದಿ ಗುಂಡಿ ಒತ್ತಿದಳು.

ಕಪ್ಪು ಕಿಟಕಿಯೊಂದರಲ್ಲಿ ಅಕ್ಷರಗಳು ಸರಸರ ಓಡಿದವು. ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಮುಗಿಯಿತು. ನನ್ನ ಫೋಲ್ಡರು ನೋಡುತ್ತೇನೆ, ಖಾಲಿ! ಸಾವಿರದ ಒಂಬೈನೂರು ಮನೆಗಳ ಮಕ್ಕಳು ಮಾಯ. "ಅಯ್ಯಯ್ಯೋ, ಎಲ್ಲ ಅಳಿಸಿಬಿಟ್ಯೇನಮ್ಮ!" ಎಂದು ನಾನು ಕೂಗಿದ ಕೂಗಿಗೆ ಸರೋಜ ಒಗ್ಗರಣೆಯ ಸೌಟು ಹಿಡಿದುಕೊಂಡೇ ಓಡಿಬಂದಳು.

"ಏನೂ ಹೋಗಿಲ್ಲ ಮಾವ, ಒಳಗೆ ಕೂತಿವೆ" ಎಂದು ರೂಪ ನಗುತ್ತ ಬೆರಳು ತೋರಿಸಿದಳು. ಆಗ ಕಂಡವು ಆ ಹಳದಿ ಫೋಲ್ಡರುಗಳು. 'ಇಪ್ಪತ್ತರವರು', 'ಮೂವತ್ತರವರು', 'ನಲವತ್ತರವರು', 'ಐವತ್ತರವರು', 'ಅರವತ್ತು ಮೇಲ್ಪಟ್ಟವರು', ಕೊನೆಗೆ 'ಓದಲಾಗದವು'. ಮೂವತ್ತರವರ ಫೋಲ್ಡರು ಕಿಕ್ಕಿರಿದಿತ್ತು, ಅದು ನಿರೀಕ್ಷಿತವೇ. ಅರವತ್ತು ಮೇಲ್ಪಟ್ಟವರ ಫೋಲ್ಡರಿನಲ್ಲಿ ಎರಡೇ.

"ಯಾರೋ ಹುಟ್ಟಿದ ವರ್ಷ ತಪ್ಪು ಹೊಡೆದಿರ್ಬೇಕು" ಅನ್ನುತ್ತ ರೂಪ ಮೊದಲನೆಯದನ್ನು ತೆರೆದಳು.

ತಪ್ಪು ಹೊಡೆದಿರಲಿಲ್ಲ. ಹೆಸರು ಶಾಂತರಾಜು. ಊರು ಹೊಳೆನರಸೀಪುರ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತಿ. ಪತ್ನಿ ತೀರಿಕೊಂಡು ಹನ್ನೊಂದು ವರ್ಷ. ಜಾತಿಯ ಕಾಲಂನಲ್ಲಿ 'ಬೌದ್ಧ' ಎಂದಿತ್ತು. ಫೋಟೋದಲ್ಲಿ ಬೆಳ್ಳಗೆ ಕೂದಲು, ಇಸ್ತ್ರಿ ಮಾಡಿದ ಷರಟು, ಗುಂಡಿ ಕತ್ತಿನವರೆಗೆ. 'ನಿರೀಕ್ಷೆ'ಯಲ್ಲಿ ಒಂದೇ ಸಾಲು: 'ಅರಕಲಗೂಡಿನವರಾದರೆ ಉತ್ತಮ.'

ನಾನು ಜೋರಾಗಿ ನಕ್ಕೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನಕ್ಕೆ. "ನೋಡೇ ಸರೋಜ, ಅಜ್ಜನಿಗೆ ಈ ವಯಸ್ಸಲ್ಲಿ ಬಾಸಿಂಗದ ಆಸೆ. ಅದರಲ್ಲೂ ಅರಕಲಗೂಡಿಂದೇ ಆಗಬೇಕಂತೆ! ಆಲೂಗಡ್ಡೆ ತರಿಸೋ ಹಾಗೆ!" ಸರೋಜನೂ ಸೌಟು ಮರೆಮಾಡಿ ನಕ್ಕಳು.

ರೂಪ ಎರಡನೆಯ ಅರ್ಜಿ ತೆರೆದಳು.

ನಾನಿನ್ನೂ ನಗುತ್ತಲೇ ಇದ್ದೆ. ನಗು ಬಾಯಲ್ಲಿದ್ದ ಹಾಗೆಯೇ ಕಣ್ಣು ಫೋಟೋ ನೋಡಿತು. ಫೋಟೋದಲ್ಲಿ ಜಯಕ್ಕ ಇದ್ದಳು.

ಅಡುಗೆಮನೆಯಲ್ಲಿ ಒಗ್ಗರಣೆ ಸೀದ ವಾಸನೆ ಬಂತು, ಯಾರೂ ಕದಲಲಿಲ್ಲ. ಹೆಸರು ಜಯಮ್ಮ. ಊರು ಅರಕಲಗೂಡು. ಕೆಲಸ, ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಪೋಷಕರು ಎಂಬಲ್ಲಿ, 'ತಮ್ಮ ಪುಟ್ಟಸ್ವಾಮಿ ಮೇಷ್ಟ್ರು, ಹಾಸನ. ಅವನು ಹೇಳಿದ ಹಾಗೆ.' ಪೋಷಕರ ಫೋನ್ ನಂಬರು ಎಂಬಲ್ಲಿ ಇದ್ದದ್ದು ನನ್ನದೇ ನಂಬರು. ನಿರೀಕ್ಷೆ: 'ಜೊತೆಯಲ್ಲಿ ಕೂತು ಊಟ ಮಾಡುವವರು ಇದ್ದರೆ ಸಾಕು.'

ಆ ನಂಬರನ್ನು ಒಂದೊಂದೇ ಅಂಕಿಯಾಗಿ ಮತ್ತೆ ಓದಿಕೊಂಡೆ.

ರೂಪ ಮೆಲ್ಲಗೆ ನನ್ನ ಇಮೇಲ್ ತೆರೆದು ಹುಡುಕಿದಳು. ಎರಡೂ ಅರ್ಜಿಗಳು ಬಂದದ್ದು ಒಂದೇ ದಿನ, ಐದು ನಿಮಿಷದ ಅಂತರದಲ್ಲಿ, ಯಾವುದೋ ಜೆರಾಕ್ಸ್ ಅಂಗಡಿಯ ವಿಳಾಸದಿಂದ. ಬಂದು ಎರಡು ವರ್ಷವಾಗಿತ್ತು. "ಮಾವ," ಅಂದಳು ರೂಪ, ದನಿ ತಗ್ಗಿಸಿ, "ಇಬ್ರೂ ಮಾತಾಡ್ಕೊಂಡೇ ಕಳಿಸಿದ್ದಾರೆ. ನೀವೇ ನೋಡಿ, ನೀವೇ ಜೋಡಿಸಿ, ನೀವೇ ಬಂದು ಕೇಳ್ಬೇಕು ಅಂತ. ದೊಡ್ಡತ್ತೆಗೆ ಬಾಯಿಬಿಟ್ಟು ಹೇಳೋಕಾಗಿಲ್ಲ."

ಎರಡು ವರ್ಷ! ಮಂಡಿನೋವು ಶುರುವಾದದ್ದೂ ಆಗಲೇ.

ಜಾತಿಯ ಪ್ರಕಾರ ವಿಂಗಡಿಸಿದ್ದರೆ ಈ ಎರಡು ಕಾಗದ ಬೇರೆ ಬೇರೆ ಫೋಲ್ಡರುಗಳ ತಳದಲ್ಲಿ ಕೂತಿರುತ್ತಿದ್ದವು. ನಾನು ಜನ್ಮದಲ್ಲಿ ನೋಡುತ್ತಿರಲಿಲ್ಲ. ಮಾರನೆಯ ದಿನ ಬೆಳಗ್ಗೆ ಹೊರಟು ನಿಂತಾಗ ಸರೋಜ ಹೇಳಿದ್ದು ಇಷ್ಟೆ. "ರೀ, ನೋಡಿರ್ಲಿಲ್ಲ ಅಂತ ನೇರವಾಗಿ ಹೇಳ್ಬಿಡಿ. ಅದು-ಇದು ಸಬೂಬು ಕಟ್ಟೋಕೆ ಹೋಗ್ಬೇಡಿ." ಎರಡೂ ಅರ್ಜಿಗಳನ್ನು ಪ್ರಿಂಟು ತೆಗೆಸಿ ಜೇಬಿನಲ್ಲಿಟ್ಟುಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಉರು ಹೊಡೆದೆ. ಎಲ್ಲ ವ್ಯರ್ಥ. ಜಯಕ್ಕನ ಮನೆಗೆ ಬೀಗ ಹಾಕಿತ್ತು. ಎದುರುಮನೆಯ ಹೆಂಗಸು ಜಗುಲಿಯ ಮೇಲೆ ರಾಗಿ ಹರವಿಕೊಂಡು ಕೂತಿದ್ದಳು.

"ಜಯಮ್ಮ ಮೇಡಮ್ಮಾ? ಇವತ್ತು ಬುದ್ವಾರ ಅಲ್ವರಾ ಸಾ? ಒಳೆನರಸೀಪುರಕ್ ಓಗವ್ರೆ."

"ಬುಧವಾರ ಅಂದ್ರೆ?"

"ವಾರ್ ವಾರಾನೂ ಓಯ್ತಾರೆ. ಎಲ್ಡ್ ವರ್ಸಾತು. ಬೆಳಿಗ್ಗೆ ಓದ್ರೆ ಸಂಜೆ ಬಸ್ಗೆ ಬತ್ತಾರೆ." ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀವ್ ಅವರ ತಮ್ಮ ಅಲ್ವಾ? ನಿಮ್ಗೇ ಗೊತ್ತಿಲ್ವಾ?"

ಬಸ್ಸು ಹತ್ತಲಾರದ ಮಂಡಿ ವಾರ ವಾರ ಬಸ್ಸು ಹತ್ತುತ್ತಿದೆ. ಬೀದಿಗೆಲ್ಲ ಗೊತ್ತು. ಸಾವಿರದ ಒಂಬೈನೂರು ಮನೆಗಳ ಸುದ್ದಿ ಬಲ್ಲ ನನಗೆ ಮಾತ್ರ ಗೊತ್ತಿಲ್ಲ. ಅಲ್ಲಿಂದಲೇ ಹೊಳೆನರಸೀಪುರದ ಬಸ್ಸು ಹತ್ತಿದೆ.

ಶಾಂತರಾಜು ಅವರ ಮನೆ ಹೇಮಾವತಿಯ ಕಡೆಗಿಳಿಯುವ ಒಂದು ಸಣ್ಣ ಬೀದಿಯಲ್ಲಿತ್ತು. ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಹೋದೆ. ಬಾಗಿಲು ತೆರೆದೇ ಇತ್ತು. ಹೊಸಿಲಾಚೆ ನಿಂತು ಒಳಗೆ ಕಣ್ಣು ಹಾಯಿಸಿದವನು ಕರೆಯುವುದನ್ನೂ ಮರೆತೆ.

ನಡುಮನೆಯಲ್ಲಿ ಜಯಕ್ಕ ಗೋಡೆಗೊರಗಿ ಕಾಲು ನೀಡಿ ಕೂತಿದ್ದಳು. ಕೈಯಲ್ಲಿ ಪೇಪರು. ಜೋರಾಗಿ ಓದಿ ಹೇಳುತ್ತಿದ್ದಳು. ಹಾಸನದ ಹತ್ತಿರ ಬೂವನಹಳ್ಳಿಯಲ್ಲಿ ವರ್ಷಗಟ್ಟಲೆಯಿಂದ ಕಟ್ಟುತ್ತಲೇ ಇರುವ ವಿಮಾನ ನಿಲ್ದಾಣದ ಸುದ್ದಿ. ಸ್ವಲ್ಪ ದೂರದಲ್ಲಿ ಅರ್ಜಿಯಲ್ಲಿದ್ದ ಅದೇ ಬಿಳಿಗೂದಲಿನ ಮನುಷ್ಯ ಕೂತು ದಂಟಿನ ಸೊಪ್ಪು ಸೋಸುತ್ತ, "ಅದು ಆದಾಗ ನೋಡನ ಬುಡಿ" ಎಂದು ನಗುತ್ತಿದ್ದರು. ಒಲೆಯ ಮೇಲೆ ಅವರೇ ಇಟ್ಟ ಬೇಳೆ ಬೇಯುತ್ತಿತ್ತು. ಅರವತ್ತಾರು ವರ್ಷದ ನನ್ನಕ್ಕ ಕಾಲು ನೀಡಿ ಕೂತು, ಬೇರೆ ಯಾರೋ ಅಡುಗೆ ಮಾಡುವುದನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ನಮ್ಮ ಮನೆಗೆ ಹಬ್ಬಕ್ಕೆ ಬಂದರೂ ಅವಳು ಮೊದಲು ಹೋಗುತ್ತಿದ್ದುದು ಅಡುಗೆಮನೆಗೆ.

ನನ್ನ ನೆರಳು ಪೇಪರಿನ ಮೇಲೆ ಬಿತ್ತೋ ಏನೋ, ತಲೆಯೆತ್ತಿದಳು. ಸರಕ್ಕನೆ ಕಾಲು ಮಡಚಿದಳು. ಆಮೇಲೆ ನಿಧಾನವಾಗಿ, ಬೇಕೆಂದೇ, ಮಡಚಿದ ಕಾಲನ್ನು ಮತ್ತೆ ನೀಡಿದಳು.

"ಬಂದ್ಯಾ," ಅಂದಳು. "ಎಲ್ಡ್ ವರ್ಸ ಬೇಕಾಯ್ತೇನ್ಲಾ ಪುಟ್ಸಾಮಿ, ಆಸನದಿಂದ ಇಲ್ಲಿಗ್ ಬರಕ್ಕೆ?"

"ಅಕ್ಕ, ನಾನು ನೋಡೇ ಇರಲಿಲ್ಲ. ನಿನ್ನೆ ಸಂಜೆ ನೋಡಿದೆ."

"ಸುಳ್ ಏಳ್ಬ್ಯಾಡ."

"ಸತ್ಯವಾಗ್ಲೂ ಅಕ್ಕ."

"ಜಿಲ್ಲೆ ಐಕ್ಳಿಗೆಲ್ಲಾ ಮದ್ವೆ ಮಾಡುಸ್ತೀಯ. ಎಲ್ರು ಕಾಗ್ದಾನೂ ನೋಡ್ತೀಯ. ನನ್ ಕಾಗ್ದ ಒಂದೇ ನೋಡ್ನಿಲ್ವಾ? ನಾನೇನ್ ಮಗೂನೇನ್ಲಾ, ನಂಬಕ್ಕೆ?" ಕೈಯಲ್ಲಿದ್ದ ಪೇಪರನ್ನು ಮಡಚಿ ಪಕ್ಕಕ್ಕಿಟ್ಟಳು. "ನೋಡ್ದೆ, ನಾಚ್ಕೆ ಆಯ್ತು, ಮುಚ್ಚಿಟ್ಟೆ. ಅಂಗಂತ ಏಳು. ಒಪ್ಕತೀನಿ."

ಸಬೂಬು ಕಟ್ಟಬೇಡಿ ಎಂದಿದ್ದಳು ಸರೋಜ. ಕಟ್ಟಲಿಲ್ಲ. ಭಾನುವಾರ ಭಾನುವಾರ ಎಲ್ಲವನ್ನೂ ಒಂದೇ ಕಡೆ ಸುರಿದುಕೊಳ್ಳುತ್ತಿದ್ದುದು, ಫೋನು ಮಾಡಿದವರದನ್ನಷ್ಟೇ ಓದುತ್ತಿದ್ದುದು, ರೂಪ ಸ್ಕ್ರಿಪ್ಟ್ ಬರೆದದ್ದು, ಫೋಲ್ಡರು ಹುಟ್ಟಿದ್ದು, ಎಲ್ಲ ಹೇಳಿದೆ. ಶಾಂತರಾಜು ಅವರ ಅರ್ಜಿ ನೋಡಿ ನಕ್ಕದ್ದನ್ನೂ ಹೇಳಿದೆ. ಅದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಹೇಳದಿದ್ದರೆ ಮಿಕ್ಕದ್ದೂ ಸುಳ್ಳಾಗುತ್ತದೆ ಅನ್ನಿಸಿತು. ಹೇಳುತ್ತ ಹೇಳುತ್ತ ನನ್ನ ಷರಟು ಬೆನ್ನಿಗಂಟಿತು.

ಶಾಂತರಾಜು ಸೊಪ್ಪಿನ ಮೊರ ಪಕ್ಕಕ್ಕಿಟ್ಟರು. "ಜಯಮ್ನೋರೆ, ಮೇಷ್ಟ್ರು ನಿಜ ಏಳ್ತಾವ್ರೆ. ಗೊತ್ತಿದ್ದೂ ಸುಮ್ಕಿದ್ದೋರು ಇಂಗ್ ಬೆವ್ರಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಒಳಿಕ್ ಬನ್ನಿ ಮೇಷ್ಟ್ರೇ. ಬಾಕ್ಲಲ್ಲೇ ನಿಂತಿದೀರಲ್ಲ" ಅಂದರು.

ನಾನು ಇನ್ನೂ ಹೊಸಿಲಾಚೆಯೇ ನಿಂತಿದ್ದೆ! ಆಗಲೇ ಗಮನಕ್ಕೆ ಬಂದದ್ದು.

ಒಳಗೆ ಹೋಗಿ ಕೂತೆ. ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಪಕ್ಕ ತೀರಿಕೊಂಡ ಪತ್ನಿಯ ಫೋಟೋ, ಅದಕ್ಕೊಂದು ಹೊಸ ಮಲ್ಲಿಗೆ ಹಾರ. ಹಾರ ಕಟ್ಟಿದ ಕೈಯನ್ನು ನಾನು ಬಲ್ಲೆ; ಎರಡು ಹೂವಿಗೊಂದು ಗಂಟು, ಜಯಕ್ಕನದೇ. ಶಾಂತರಾಜು ಟೀ ತಂದು ಮುಂದಿಟ್ಟರು. ಲೋಟಕ್ಕೆ ಕೈ ಚಾಚಿದೆ. ಚಾಚುವ ಮುನ್ನ ಕೈ ಅರೆಗಳಿಗೆ ತಡೆಯಿತು. ಬೇಕೆಂದು ತಡೆದದ್ದಲ್ಲ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತು ಎಲ್ಲರೂ ಸಮಾನರೆಂದು ಗಂಟಲು ಹರಿದುಕೊಂಡ ಮನುಷ್ಯನ ಕೈ, ಅವನನ್ನು ಕೇಳದೆ, ಚಿಕ್ಕಂದಿನಲ್ಲಿ ಕಲಿತದ್ದನ್ನು ಮಾಡಿತು. ನಮ್ಮ ಊರ ಹೋಟೆಲಿನಲ್ಲಿ ದಲಿತರಿಗೆಂದು ಹೊರಗಿನ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದುದನ್ನು ನೋಡಿ ಬೆಳೆದ ಕೈ ಅದು. ಅದು ಇನ್ನೂ ನನ್ನೊಳಗೆ ಇದೆ ಎಂಬುದೇ ಆವತ್ತಿನ ಆಘಾತಗಳಲ್ಲಿ ದೊಡ್ಡದು. ಜಯಕ್ಕ ನೋಡಿದಳು. ಶಾಂತರಾಜೂ ನೋಡಿದರು, ನೋಡಿ ಒಲೆಯ ಕಡೆ ತಿರುಗಿದರು. ನಾನು ಟೀ ಕುಡಿದೆ. ಬಾಯಿ ಸುಟ್ಟಿತು, ನಿಲ್ಲಿಸಲಿಲ್ಲ.

ಆಮೇಲೆ ಜಯಕ್ಕ ತಾನಾಗಿ ಹೇಳಿದಳು. ಚನ್ನರಾಯಪಟ್ಟಣದ ಒಂದು ಕಣ್ಣಿನ ಶಿಬಿರದಲ್ಲಿ ಇಬ್ಬರಿಗೂ ಒಂದೇ ದಿನ ಪೊರೆಯ ಆಪರೇಷನ್ ಆಗಿತ್ತು. ಒಂದೇ ಬೆಂಚಿನಲ್ಲಿ ಕೂರಿಸಿದ್ದರು, ಇವಳ ಬಲಗಣ್ಣಿಗೆ ಪಟ್ಟಿ, ಅವರ ಎಡಗಣ್ಣಿಗೆ ಪಟ್ಟಿ. ಎಲ್ಲರನ್ನೂ ಕರೆದೊಯ್ಯಲು ಮನೆಯವರು ಬಂದರು. ಕೊನೆಗೆ ಉಳಿದವರು ಇವರಿಬ್ಬರೇ. "ನಿಮ್ಮೋರು?" ಎಂದು ಅವರು ಕೇಳಿದರಂತೆ. "ತಮ್ಮ ಬತ್ತೀನಿ ಅಂದವ್ನೆ" ಅಂದಳಂತೆ ಇವಳು. ನಾನು ಬರಲಿಲ್ಲ. ಆ ದಿನ ನಾನು ಸಾಲಗಾಮೆಯಲ್ಲಿ ಯಾರದೋ ನಿಶ್ಚಿತಾರ್ಥಕ್ಕೆ ಹೋಗಿದ್ದೆ, ಮರೆತಿದ್ದೆ. ಶಾಂತರಾಜು ಅವಳನ್ನು ಬಸ್ಸಿನಲ್ಲಿ ಅರಕಲಗೂಡಿನವರೆಗೆ ಬಿಟ್ಟು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ತಮ್ಮೂರಿಗೆ ಹಿಂತಿರುಗಿದ್ದರು.

"ಬುದ್ವಾರ ಬುದ್ವಾರ ಬಂದು ಪೇಪರ್ ಓದ್ತೀನಿ. ಅವ್ರ ಇನ್ನೊಂದ್ ಕಣ್ಣು ಮೊದ್ಲಿಂದ್ಲೂ ಮಂಜು. ಊಟ ಮಾಡ್ಕಂಡ್ ಓಯ್ತೀನಿ. ಅಷ್ಟೇ ಕಣಪ್ಪ, ಇನ್ನೇನಿಲ್ಲ" ಅಂದಳು.

"ನನ್ನ ಹತ್ರ ಬಂದು ಒಂದು ಮಾತು ಕೇಳಬಾರದಿತ್ತಾ ಅಕ್ಕ? ಬಯ್ಯಬಾರದಿತ್ತಾ?"

"ಬ್ಯಾಡ ಅಂದಿದ್ರೆ ಬಂದು ಜಗ್ಳಾಡ್ತಿದ್ದೆ. ನೀನು ಏನೂ ಅನ್ನುನಿಲ್ಲ. ಸುಮ್ಕಿರೋನ್ ಜೊತ್ಗೆ ಎಂಗ್ಲಾ ಜಗ್ಳಾಡದು?"

ಜೇಬಿನಿಂದ ಎರಡೂ ಅರ್ಜಿಗಳನ್ನು ತೆಗೆದು ನೆಲದ ಮೇಲೆ ಹರಡಿದೆ. ಇಷ್ಟು ವರ್ಷ ಬೇರೆಯವರ ಮನೆಗಳಲ್ಲಿ ಕೂತು ನೀರು ಕುಡಿದಷ್ಟು ಸಲೀಸಾಗಿ ಆಡಿದ ಮಾತನ್ನು ಆವತ್ತು ಒಂದೊಂದೇ ಪದವಾಗಿ ಹೊರಗೆ ತಂದೆ. "ಶಾಂತರಾಜು ಅವರೇ, ಅರಕಲಗೂಡಿನ ಕಡೆ ಒಂದು ಸಂಬಂಧ ಇದೆ. ಹೆಣ್ಣಿನ ಕಡೆಯವನು ನಾನೇ. ತಡವಾಗಿ ಬಂದಿದ್ದೀನಿ. ಒಪ್ಪಿಗೆಯಾಗುತ್ತಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವ್ರುನ್ನ ಕೇಳಿ ಮೇಷ್ಟ್ರೇ. ನಂದು ಆವತ್ತೇ ಬರ್ದ್ ಕೊಟ್ಟಿವ್ನಿ" ಅಂದರು.

ಮದುವೆ ಶ್ರಾವಣ ಕಳೆದ ಮೇಲೆ ನೋಂದಣಿ ಕಚೇರಿಯಲ್ಲಿ ಆಯಿತು. ಕಚೇರಿಯ ಗೋಡೆಗೆ ನೋಟೀಸು ಅಂಟಿಸಿ ಒಂದು ತಿಂಗಳು ಕಾಯಬೇಕಿತ್ತು. ಆ ತಿಂಗಳು ನನ್ನ ಫೋನಿಗೆ ಬಿಡುವಿರಲಿಲ್ಲ. ಚಿಕ್ಕಪ್ಪನ ಮಗ ಚನ್ನರಾಯಪಟ್ಟಣದಿಂದ ಫೋನು ಮಾಡಿ, "ಅರ್ವತ್ತಾರಕ್ಕೆ ಮದ್ವೆ ಒಂದ್ ತಪ್ಪು, ಅಲ್ಲಿಗ್ ಕೊಡದು ಇನ್ನೊಂದ್ ತಪ್ಪು. ನಮ್ ಮಕ್ಳುನ್ನ ಯಾರು ಕೇಳ್ತಾರೆ?" ಎಂದು ಕೂಗಾಡಿ ಮಾತು ಬಿಟ್ಟ. ಶಿಷ್ಯರೂ ಫೋನು ಮಾಡಿದರು, ಬಲು ವಿನಯದಿಂದಲೇ. "ಸಾ, ನಮ್ಮುಡ್ಗಿ ಅರ್ಜಿ ಸದ್ಯಕ್ಕೆ ತೆಗ್ದುಬುಡಿ." ತೆಗೆದೆ. ಒಂದು ವಾರದಲ್ಲಿ ಮುನ್ನೂರಕ್ಕೂ ಹೆಚ್ಚು ತೆಗೆದೆ. ಆ ಕೆಲಸಕ್ಕೆ ರೂಪ ಸ್ಕ್ರಿಪ್ಟ್ ಬರೆದುಕೊಡಲು ಬಂದಳು. ಬೇಡವೆಂದೆ. ಒಂದೊಂದನ್ನೂ ತೆರೆದು, ಪೂರ್ತಿ ಓದಿ, ಆಮೇಲೆ ಅಳಿಸಿದೆ.

ಮದುವೆಯ ದಿನ ನಾವು ಹೋದವರು ಮೂವರೇ, ನಾನು, ಸರೋಜ, ರೂಪ. ಸಾಕ್ಷಿಗಳಾಗಿ ರುಜು ಹಾಕಿ, ಹೊಳೆನರಸೀಪುರದ ಆ ಮನೆಗೇ ಊಟಕ್ಕೆ ಬಂದೆವು. ಸರೋಜ, ರೂಪ ಬಡಿಸುತ್ತೇವೆಂದರೂ ಕೇಳದೆ ಶಾಂತರಾಜು ಎಲ್ಲರನ್ನೂ ಕೂರಿಸಿದರು. ಜಯಕ್ಕ ನನ್ನ ಪಕ್ಕದಲ್ಲಿ ಕೂತಳು. ಒಂದೆರಡು ತುತ್ತು ಮುದ್ದೆ ಮುರಿದು ನುಂಗಿದವಳು ತಟ್ಟೆಯಿಂದ ತಲೆಯೆತ್ತದೆ, ನನಗೊಬ್ಬನಿಗೇ ಕೇಳುವ ಹಾಗೆ ಕೇಳಿದಳು.

"ಲೋ ಪುಟ್ಸಾಮಿ. ಒಂದ್ ಮಾತ್ ಕೇಳ್ತೀನಿ, ನಿಜ ಏಳ್ಬೇಕು. ಆವತ್ತೇ, ಎಲ್ಡ್ ವರ್ಸದ್ ಇಂದೇನೇ ನನ್ ಕಾಗ್ದ ನೋಡಿದ್ರೆ, ಒಪ್ತಿದ್ಯಾ?"

ಒಪ್ಪುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಆ ಭಾನುವಾರವನ್ನು ಕಲ್ಪಿಸಿಕೊಂಡೆ. ಕಾಗದ ತೆರೆಯುತ್ತೇನೆ. ಫೋಟೋ ನೋಡುತ್ತೇನೆ. ಜೊತೆಯಲ್ಲಿ ಬಂದ ಇನ್ನೊಂದು ಕಾಗದದ ಜಾತಿಯ ಕಾಲಂ ನೋಡುತ್ತೇನೆ. ಬಾಗಿಲ ಕಡೆ ತಿರುಗಿ ಯಾರಾದರೂ ನೋಡಿದರೇ ಎಂದು ಪರೀಕ್ಷಿಸುತ್ತೇನೆ. ಕಾಗದ ಮುಚ್ಚುತ್ತೇನೆ. ಆಮೇಲೆ ಮಂಡಿಗೆ ಎಣ್ಣೆ ಕಳಿಸುತ್ತೇನೆ.

"ಇಲ್ಲ ಅಕ್ಕ," ಅಂದೆ.

ಜಯಕ್ಕ ತಲೆಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಶಾಂತರಾಜು ಸಾರಿನ ಪಾತ್ರೆ ಹಿಡಿದು ನಮ್ಮ ಮುಂದೆ ಬಂದು ನಿಂತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯದು.

"ಇವ್ನಿಗೆ ಇನ್ನೊಂದ್ ಸೌಟು ಆಕಿ," ಅಂದಳು ಜಯಕ್ಕ. "ಇವತ್ತು ನಿಜ ಏಳವ್ನೆ."

ತಟ್ಟೆ ತುಂಬ ಸಾರು ಬಿತ್ತು. ತಲೆ ಎತ್ತದೆ ಉಂಡೆ.